ಹಸುವಿನ ದಿನಾಂಕಕ್ಕೂ ಸಂಘದ ದಾಸ್ತಾನಿಗೂ ನಂಟು ಬೆಸೆಯೋಣ

(ಮೈಸೂರಿನಲ್ಲಿ ಸಂಘಗಳ ಕಾರ್ಯದರ್ಶಿಗಳು ಹಾಗೂ ಉತ್ಪಾದಕ ಸದಸ್ಯರಿಗಾಗಿ ನಡೆದ ಒಂದು ದಿನದ ತರಬೇತಿಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕೊಟ್ಟಿಗೆ ಬಳಿದು, ಹುಣಸೂರು, ಪಿರಿಯಾಪಟ್ಟಣ, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಕಡೆಗಳಿಂದ ಬಸ್ಸು ಹಿಡಿದು ಮೈಸೂರಿಗೆ ಬಂದಿದ್ದೀರಿ. ಸಂಜೆ ಕರೆಯುವ ಹೊತ್ತಿಗೆ ಮತ್ತೆ ಮನೆಯಲ್ಲಿರಬೇಕು. ಆದ್ದರಿಂದ ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ನಾನು ಒಂದು ಹಳ್ಳಿಯಲ್ಲಿ ಕೃತಕ ಗರ್ಭಧಾರಣೆ ಕಾರ್ಯಕರ್ತನಾಗಿದ್ದೆ. ನಮ್ಮ ಕಡೆ ಇಂಜೆಕ್ಷನ್ ಹಾಕುವವರೆಲ್ಲರೂ ಡಾಕ್ಟರೇ. ಒಂದು ದಿನ ಮುಂಜಾನೆ ಒಬ್ಬ ತಾಯಿ ಬಂದು, “ಡಾಕ್ಟ್ರೇ, ಹಸು ಬೆದೆಗೆ ಬಂದದೆ, ಸಂಜೆಗೆ ಬಂದ್ಬುಡಿ” ಎಂದು ಹೇಳಿ ಹೋದರು. ಆಕೆಗೆ ಇದ್ದದ್ದು ಅದೊಂದೇ ಹಸು. ಸಂಜೆ ಹೊರಡುವ ಮುನ್ನ ನೈಟ್ರೋಜನ್ ಪಾತ್ರೆಯ ಮುಚ್ಚಳ ತೆಗೆದೆ. ಬಿಳಿ ಹಬೆ ಏಳಲಿಲ್ಲ. ಒಳಗಿನ ದ್ರವ ಪೂರ್ತಿ ಆರಿಹೋಗಿತ್ತು. ಮೈನಸ್ 196 ಡಿಗ್ರಿಯ ಚಳಿಯಲ್ಲಿ ಇರಬೇಕಾದ ವೀರ್ಯದ ಸ್ಟ್ರಾಗಳು ಕೆಲಸಕ್ಕೆ ಬಾರದಂತಾಗಿದ್ದವು. ಬರಿಗೈಲಿ ಆಕೆಯ ಮನೆಗೆ ಹೋಗಿ, “ಮುಂದಿನ ಸಲ ನೋಡೋಣ ತಾಯಿ” ಎಂದೆ.

ಆಕೆ ಬೈಯಲಿಲ್ಲ. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ತೋರಿಸಿದರು. ಹಿಂದಿನ ಬೆದೆಯ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ಅಲ್ಲಿಂದ 21 ದಿನ ಎಣಿಸಿ ಇನ್ನೊಂದು ಸುತ್ತು ಹಾಕಿದ್ದರು. “ಹಸು ತನ್ನ ದಿನಕ್ಕೆ ತಪ್ಪದೆ ಬಂತಲ್ಲಪ್ಪ, ನೀವ್ಯಾಕೆ ಬರಲಿಲ್ಲ?” ಎಂದು ಕೇಳಿದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ದಿನಾಂಕ ಆಕೆಯ ಗೋಡೆಯ ಮೇಲಿತ್ತು, ದಾಸ್ತಾನು ನನ್ನ ಕೊಠಡಿಯಲ್ಲಿತ್ತು. ಇವೆರಡರ ನಡುವೆ ಯಾವ ದಾರವೂ ಇರಲಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ದಾರವನ್ನು ಕುರಿತು.

ನಷ್ಟದ ಲೆಕ್ಕ

ಬೆದೆ ಇರುವುದು ಹೆಚ್ಚೆಂದರೆ ಒಂದು ಹಗಲು ಅಥವಾ ಒಂದು ರಾತ್ರಿಯ ಮಾತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬುದು ತಮಗೆಲ್ಲ ತಿಳಿದ ನಿಯಮ. ಅದು ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಮೇವು, ಹಿಂಡಿ, ಕೂಲಿ ಎಲ್ಲ ಸೇರಿ ಒಂದು ಹಸುವಿಗೆ ದಿನಕ್ಕೆ 150 ರೂಪಾಯಿ ಖರ್ಚು ಎಂದಿಟ್ಟುಕೊಂಡರೂ 21 ದಿನಕ್ಕೆ 3,150 ರೂಪಾಯಿ. ಕರು ಹಾಕುವ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಒಂದೇ ಹಸು ಇರುವ ಮನೆಯಲ್ಲಿ ಇದು ಮಕ್ಕಳ ಶಾಲೆಯ ಫೀಜಿನ ಹಣ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇದು ಅನಿರೀಕ್ಷಿತವಾಗಿ ಬಂದೆರಗಿದ ನಷ್ಟವಲ್ಲ. 21 ದಿನ ಮೊದಲೇ ಗೊತ್ತಿತ್ತು. ಹೈನುಗಾರಿಕೆಯಲ್ಲಿ ಬಹುಪಾಲು ಕೆಲಸಗಳ ದಿನಾಂಕ ಮುಂಚಿತವಾಗಿಯೇ ಗೊತ್ತಿರುತ್ತದೆ. ಹಸು ಗಬ್ಬ ಧರಿಸಿದರೆ ಸುಮಾರು 280 ದಿನಕ್ಕೆ, ಎಮ್ಮೆಯಾದರೆ ಸುಮಾರು 310 ದಿನಕ್ಕೆ ಕರು ಹಾಕುತ್ತದೆ. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲು ಹಾಲು ಬತ್ತಿಸಬೇಕು. ಕಾಲುಬಾಯಿ ರೋಗದ ಲಸಿಕೆ ಆರು ತಿಂಗಳಿಗೊಮ್ಮೆ. ದಿನಾಂಕ ಗೊತ್ತಿದ್ದ ಮೇಲೆ ಆ ದಿನಕ್ಕೆ ಏನೇನು ಸಾಮಾನು ಬೇಕು ಎಂಬುದೂ ಗೊತ್ತಿರಬೇಕಲ್ಲವೇ? ಆದರೂ ನಾವು ಬೆಂಕಿ ಬಿದ್ದಾಗ ಬಾವಿ ತೋಡುವವರಂತೆ ನಡೆದುಕೊಳ್ಳುತ್ತೇವೆ.

ಎರಡು ವಹಿಗಳು, ನಡುವೆ ಒಂದು ಗೋಡೆ

ನಮ್ಮ ಯಾವುದೇ ಸಂಘಕ್ಕೆ ಹೋಗಿ ನೋಡಿ. ಗರ್ಭಧಾರಣೆಯ ವಹಿ ಒಂದು, ದಾಸ್ತಾನು ವಹಿ ಇನ್ನೊಂದು. ಮೊದಲನೆಯದರಲ್ಲಿ ದಿನಾಂಕಗಳಿವೆ. ಎರಡನೆಯದರಲ್ಲಿ ಪಶು ಆಹಾರದ ಮೂಟೆ, ಖನಿಜ ಮಿಶ್ರಣ, ಜಂತುನಾಶಕ ಔಷಧಿಗಳ ಲೆಕ್ಕವಿದೆ. ಎರಡನ್ನೂ ಬರೆಯುವ ಕೈ ಒಂದೇ ಆದರೂ ಒಂದು ಪುಸ್ತಕವನ್ನು ನೋಡಿ ಇನ್ನೊಂದನ್ನು ಬರೆಯುವ ರೂಢಿ ಇಲ್ಲ. ಮೂಟೆ ಖಾಲಿಯಾದ ದಿನ ಇಂಡೆಂಟ್ ಹಾಕುತ್ತೇವೆ, ಲಾರಿ ಬರುವತನಕ ಕಾಯುತ್ತೇವೆ.

ರಾಸುಗಳ ಲೆಕ್ಕ ಇಡುವುದು ಮೈಸೂರಿಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿಯೇ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟರು. ರಾಸುಗಳಿಗೆ ಕಾವಲುಗಳನ್ನು ಗೊತ್ತುಮಾಡಿ, ಹಿಂಡು ಯಾವ ಕಾಲಕ್ಕೆ ಎಲ್ಲಿ ಮೇಯಬೇಕು ಎಂಬ ಕಟ್ಟುಪಾಡು ಇತ್ತು. ಕಾಲವನ್ನೂ ಮೇವನ್ನೂ ಜೊತೆಗಿಟ್ಟು ನೋಡುವ ಬುದ್ಧಿ ಈ ಮಣ್ಣಿನಲ್ಲೇ ಇದೆ. ಅರಮನೆಗೆ ಅದಕ್ಕಾಗಿ ಒಂದು ಇಲಾಖೆಯೇ ಬೇಕಾಗಿತ್ತು. ಇಂದು ನಿಮ್ಮ ಜೇಬಿನ ಫೋನು ಸಾಕು.

ಕೋಡ್ ಬರೆಯದೆ ಕೆಲಸ ಮಾಡಿಸುವುದು ಎಂದರೇನು?

ಕಂಪ್ಯೂಟರಿನಿಂದ ಒಂದು ಕೆಲಸ ತಾನಾಗಿ ನಡೆಯಬೇಕಾದರೆ ಹಿಂದೆ ಅದಕ್ಕೆ ಪ್ರೋಗ್ರಾಂ ಬರೆಯುವವರನ್ನು ಹುಡುಕಬೇಕಾಗಿತ್ತು. ಈಗ ಹಾಗಿಲ್ಲ. ಪರದೆಯ ಮೇಲೆ ಒಂದು ಪೆಟ್ಟಿಗೆಯಲ್ಲಿ ‘ಇದು ನಡೆದರೆ’ ಎಂದು ಆರಿಸಬೇಕು, ಮುಂದಿನ ಪೆಟ್ಟಿಗೆಯಲ್ಲಿ ‘ಅದನ್ನು ಮಾಡು’ ಎಂದು ಆರಿಸಬೇಕು. ಜೇಪಿಯರ್ ಎಂಬುದು 2011ರಲ್ಲಿ ಆರಂಭವಾದ ಇಂಥ ಒಂದು ಸೇವೆ. ಮೈಕ್ರೋಸಾಫ್ಟ್‌ನವರದು ಪವರ್ ಆಟೋಮೇಟ್. ಆಪ್‌ಶೀಟ್ ಎಂಬುದನ್ನು ಗೂಗಲ್ ಸಂಸ್ಥೆ 2020ರಲ್ಲಿ ಕೊಂಡುಕೊಂಡಿತು. ಹೆಸರು ಯಾವುದಾದರೂ ತತ್ವ ಒಂದೇ.

ಬೀಡಿಂಗ್ ಯಂತ್ರವೋ ರಾಗಿ ಗಿರಣಿಯೋ ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆಯೂ ನಾವು ಅದನ್ನು ಬಳಸುತ್ತೇವೆ. ನಮ್ಮ ಸಂಘಗಳಲ್ಲೂ ಲ್ಯಾಕ್ಟೋಮೀಟರ್ ಅದ್ದಿ, ಬ್ಯುಟಿರೋಮೀಟರ್ ತಿರುಗಿಸಿ ಜಿಡ್ಡು ನೋಡುತ್ತಿದ್ದ ಕಾಲ ಹೋಗಿ, ಹಾಲು ತೂಗಿ, ಜಿಡ್ಡು ಅಳೆದು, ಚೀಟಿಯನ್ನೂ ಕೊಡುವ ಯಂತ್ರ ಬಂದಿತು. ಮೊದಲು ಹೆದರಿದೆವು, ಆಮೇಲೆ ಒಗ್ಗಿಕೊಂಡೆವು. ಇದೂ ಹಾಗೆಯೇ.

ಮೂರು ಹಾಳೆಗಳ ವಿಧಾನ

ಇದಕ್ಕೆ ಬೇಕಾದದ್ದು ಫೋನಿನಲ್ಲಿ ಅಥವಾ ಸಂಘದ ಕಂಪ್ಯೂಟರಿನಲ್ಲಿ ಮೂರು ಹಾಳೆಗಳು ಮತ್ತು ಒಂದು ಕ್ಯಾಲೆಂಡರ್.

ಮೊದಲನೆಯದು ಘಟನೆಯ ಹಾಳೆ. ಇದನ್ನು ತುಂಬಲು ಗೂಗಲ್ ಫಾರ್ಮ್‌ನಲ್ಲಿ ಕನ್ನಡದಲ್ಲೇ ಒಂದು ನಮೂನೆ ಮಾಡಿಕೊಳ್ಳಬಹುದು. ಸದಸ್ಯರ ಸಂಖ್ಯೆ, ರಾಸಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಏನಾಯಿತು, ಯಾವತ್ತು ಆಯಿತು, ಇಷ್ಟೇ ಪ್ರಶ್ನೆಗಳು. ‘ಏನಾಯಿತು’ ಎಂಬುದಕ್ಕೆ ಬೆದೆ, ಗರ್ಭಧಾರಣೆ, ಗಬ್ಬ ಪರೀಕ್ಷೆ, ಹಾಲು ಬತ್ತಿಸಿದ್ದು, ಕರು ಹಾಕಿದ್ದು, ಲಸಿಕೆ, ಜಂತುನಾಶಕ ಎಂದು ಆಯ್ಕೆಗಳಿರಲಿ. ಬರೆಯುವ ಬದಲು ಆರಿಸುವಂತಿದ್ದರೆ ತಪ್ಪು ಕಡಿಮೆ.

ಎರಡನೆಯದು ಬರಲಿರುವ ಕೆಲಸಗಳ ಹಾಳೆ. ಇದನ್ನು ಯಾರೂ ತುಂಬಬೇಕಾಗಿಲ್ಲ. ಗರ್ಭಧಾರಣೆಯ ದಿನಾಂಕಕ್ಕೆ 21, 90, 220, 280 ಕೂಡಿಸು ಎಂದು ಒಮ್ಮೆ ಹೇಳಿಟ್ಟರೆ ಹಾಳೆಯೇ ದಿನಾಂಕಗಳನ್ನು ಬರೆದುಕೊಳ್ಳುತ್ತದೆ. ಉದಾಹರಣೆಗೆ ಜೂನ್ 1ರಂದು ಗರ್ಭಧಾರಣೆಯಾದ ಹಸುವನ್ನು ಜೂನ್ 22ರ ಆಸುಪಾಸಿನಲ್ಲಿ ಮತ್ತೆ ಬೆದೆಗೆ ಬಂದಿತೇ ಎಂದು ನೋಡಬೇಕು. ಬಾರದಿದ್ದರೆ ಆಗಸ್ಟ್ 30ಕ್ಕೆ ಗಬ್ಬ ಪರೀಕ್ಷೆ. ಗಬ್ಬವಾಗಿದ್ದರೆ ಜನವರಿ 7ಕ್ಕೆ ಹಾಲು ಬತ್ತಿಸುವುದು, ಮಾರ್ಚ್ 8ರ ಸುಮಾರಿಗೆ ಕರು. ‘ಹೊಸ ಸಾಲು ಬಂದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕು’ ಎಂಬ ಒಂದು ಜೋಡಣೆ ಮಾಡಿದರೆ ಈ ನಾಲ್ಕೂ ದಿನಗಳು ಫೋನಿನ ಕ್ಯಾಲೆಂಡರಿನಲ್ಲಿ ಕೂರುತ್ತವೆ. ಎರಡು ದಿನ ಮುಂಚೆ ಫೋನೇ ನೆನಪಿಸುತ್ತದೆ.

ಮೂರನೆಯದು ದಾಸ್ತಾನಿನ ಹಾಳೆ. ಪ್ರತಿಯೊಂದು ವಸ್ತುವಿಗೂ ಐದು ಅಂಕಣಗಳು: ಇರುವ ಪ್ರಮಾಣ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಇದಕ್ಕಿಂತ ಕಡಿಮೆಯಾಗಬಾರದು ಎಂಬ ಮಟ್ಟ, ಇಂಡೆಂಟ್ ಹಾಕಿದ ಮೇಲೆ ಸಾಮಾನು ಬರಲು ಹಿಡಿಯುವ ದಿನಗಳು. ಕೊನೆಯ ಅಂಕಣವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಾಮಾನು ಬರಲು ಏಳು ದಿನ ಬೇಕೆಂದರೆ ನಾಳೆಯ ಕೊರತೆ ಇಂದು ತಿಳಿದು ಪ್ರಯೋಜನವಿಲ್ಲ.

ಇನ್ನು ಮೂರನ್ನೂ ಕಟ್ಟುವ ದಾರ. ‘ಪ್ರತಿ ಸೋಮವಾರ ಬೆಳಿಗ್ಗೆ ಮುಂದಿನ 30 ದಿನಗಳ ಕೆಲಸಗಳನ್ನು ಎಣಿಸು, ಅವಕ್ಕೆ ಬೇಕಾದ ಸಾಮಾನನ್ನು ದಾಸ್ತಾನಿನ ಜೊತೆ ಹೋಲಿಸು, ಅವಧಿ ಮುಗಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ, ಕೊರತೆ ಇದ್ದರೆ ಕಾರ್ಯದರ್ಶಿಗೆ ತಿಳಿಸು’ ಎಂಬುದು ಒಂದು ಜೋಡಣೆ. ‘ಕೆಲಸ ಮುಗಿಯಿತೆಂದು ಗುರುತು ಮಾಡಿದ ಕೂಡಲೇ ದಾಸ್ತಾನಿನಲ್ಲಿ ಅಷ್ಟನ್ನು ಕಳೆ’ ಎಂಬುದು ಇನ್ನೊಂದು. ಒಂದು ವಾರದಲ್ಲಿ ಆರು ರಾಸುಗಳ 21ನೇ ದಿನ ಬರುತ್ತದೆ, ಕರು ಹಾಕಿ ಎರಡು ತಿಂಗಳು ಕಳೆದು ಬೆದೆಗೆ ಕಾಯುತ್ತಿರುವ ರಾಸುಗಳು ಐದಿವೆ ಎಂದಿಟ್ಟುಕೊಳ್ಳಿ. ಹೆಚ್ಚೆಂದರೆ 11 ಸ್ಟ್ರಾ ಬೇಕಾದೀತು. ಪಾತ್ರೆಯಲ್ಲಿರುವುದು ಎಂಟು. ಕೊರತೆಯ ಮಾತು ಹಸು ಬೆದೆಗೆ ಬರುವ ಮುನ್ನವೇ ನಮ್ಮ ಕಿವಿಗೆ ಬೀಳುತ್ತದೆ.

ಸಾಮಾನುಗಳಲ್ಲಿ ಮೂರು ಬಗೆ

ಎಲ್ಲ ಸಾಮಾನಿಗೂ ಒಂದೇ ಲೆಕ್ಕ ಒಪ್ಪುವುದಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಒಂದನೆಯ ಬಗೆ, ಕೆಲಸ ನಡೆದಾಗ ಮಾತ್ರ ಖರ್ಚಾಗುವಂಥದು. ಸ್ಟ್ರಾ, ಲಸಿಕೆ, ಜಂತುನಾಶಕ ಇವೆಲ್ಲ ಈ ಬಗೆ. ಕ್ಯಾಲೆಂಡರಿನಲ್ಲಿ ಕೆಲಸಗಳನ್ನು ಎಣಿಸಿದರೆ ಬೇಡಿಕೆ ತಿಳಿಯುತ್ತದೆ.

ಎರಡನೆಯ ಬಗೆ, ಬಳಸದಿದ್ದರೂ ಖರ್ಚಾಗುವಂಥದು. ದ್ರವ ನೈಟ್ರೋಜನ್ ಹೀಗೆ. ಒಂದು ಸ್ಟ್ರಾ ತೆಗೆಯದಿದ್ದರೂ ಅದು ದಿನವೂ ಆರುತ್ತಲೇ ಇರುತ್ತದೆ. ಅಂದು ನಾನು ಎಡವಿದ್ದು ಇಲ್ಲೇ. ಸ್ಟ್ರಾಗಳನ್ನು ಎಣಿಸಿದ್ದೆ, ನೈಟ್ರೋಜನ್ ಅಳೆದಿರಲಿಲ್ಲ. ಪ್ರತಿ ಸೋಮವಾರ ಅಳತೆ ಕಡ್ಡಿ ಇಳಿಬಿಟ್ಟು ಎಷ್ಟು ಸೆಂಟಿಮೀಟರ್ ಇದೆಯೆಂದು ನಮೂನೆಯಲ್ಲಿ ಬರೆಯಿರಿ. ಕಳೆದ ವಾರ 16 ಇದ್ದು ಈ ವಾರ 12 ಆಗಿದ್ದರೆ ವಾರಕ್ಕೆ ನಾಲ್ಕು ಇಳಿಯುತ್ತಿದೆ. ಆರಕ್ಕಿಂತ ಕಡಿಮೆಯಾಗಬಾರದೆಂದು ಗೊತ್ತುಮಾಡಿದ್ದರೆ ಇನ್ನು ಹತ್ತು ದಿನ ಮಾತ್ರ ಬಾಕಿ. ನೈಟ್ರೋಜನ್ ವಾಹನ ನಿಮ್ಮ ಮಾರ್ಗಕ್ಕೆ ಬರುವುದು ಅದಕ್ಕಿಂತ ತಡವಾಗಿದ್ದರೆ ಇಂದೇ ಫೋನು ಮಾಡಬೇಕು. ಈ ಕಳೆಯುವ ಲೆಕ್ಕವನ್ನು ಹಾಳೆ ಮಾಡುತ್ತದೆ, ಕಡ್ಡಿ ಇಳಿಬಿಡುವುದನ್ನು ಮಾತ್ರ ನಾವೇ ಮಾಡಬೇಕು.

ಮೂರನೆಯ ಬಗೆ ಪಶು ಆಹಾರ. ಇದು ಹಾಲಿನ ಮೇಲೂ ಗಬ್ಬದ ಮೇಲೂ ನಿಂತಿದೆ. ಹಸುವಿನ ಶರೀರ ಪೋಷಣೆಗೆ ದಿನಕ್ಕೆ ಸುಮಾರು 2 ಕಿಲೋ, ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋ ಎಂಬುದು ರೂಢಿಯ ಲೆಕ್ಕ. ಹತ್ತು ಲೀಟರ್ ಕೊಡುವ ಹಸುವಿಗೆ ದಿನಕ್ಕೆ 6 ಕಿಲೋ ಆಯಿತು. ಹಾಲು ಬತ್ತಿದ ತುಂಬು ಗಬ್ಬದ ಹಸುವಿಗೆ 3 ಕಿಲೋ ಎಂದುಕೊಳ್ಳಿ. ನಿಮ್ಮ ಊರಿನಲ್ಲಿ ಮಾರ್ಚಿಯಲ್ಲಿ 12 ಹಸುಗಳು ಕರು ಹಾಕುತ್ತವೆಂದು ಕ್ಯಾಲೆಂಡರ್ ಹೇಳಿದರೆ, ಏಪ್ರಿಲ್ ತಿಂಗಳಿಗೆ ಹಸುವಿಗೆ ದಿನಕ್ಕೆ 3 ಕಿಲೋದಂತೆ 1,080 ಕಿಲೋ, ಅಂದರೆ 50 ಕಿಲೋದ ಸುಮಾರು 22 ಮೂಟೆ ಹೆಚ್ಚಿಗೆ ಬೇಕು. ಹಾಲು ಏರುವ ಹೊತ್ತಿನಲ್ಲೇ ಮೂಟೆ ಇಲ್ಲದಿದ್ದರೆ ಆ ಸೂಲಿನಲ್ಲಿ ಇಳಿದ ಹಾಲು ಪೂರ್ತಿಯಾಗಿ ಮತ್ತೆ ಏರುವುದು ಕಷ್ಟ.

ಒಮ್ಮೆ ತಪ್ಪಿದರೆ ಮತ್ತೆ ಬಾರದ ದಿನಗಳು

ಬೆದೆ ತಪ್ಪಿದರೆ 21 ದಿನಕ್ಕೆ ಮತ್ತೆ ಬರುತ್ತದೆ. ಕೆಲವು ದಿನಗಳು ಹಾಗೆ ತಿರುಗಿ ಬರುವುದಿಲ್ಲ. ಕಂದು ಹಾಕುವ ಬ್ರುಸೆಲ್ಲಾ ರೋಗದ ಲಸಿಕೆಯನ್ನು ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಂದೇ ಸಲ ಹಾಕುತ್ತಾರೆ. ಮಾರ್ಚ್ 8ರಂದು ಹುಟ್ಟಿದ ಹೆಣ್ಣು ಕರುವಿಗೆ ಜುಲೈ 8ರಿಂದ ನವೆಂಬರ್ 8ರವರೆಗೆ ಮಾತ್ರ ಅವಕಾಶ. ಈ ರೋಗ ಮನುಷ್ಯರಿಗೂ ಅಂಟುತ್ತದೆ. ಕರು ಎಳೆಯುವವರು, ಸತ್ತೆ ಮುಟ್ಟುವವರು, ಹಸಿ ಹಾಲು ಕುಡಿಯುವವರು ಅದಕ್ಕೆ ಸಿಕ್ಕಿಬೀಳುತ್ತಾರೆ.

2013ರಲ್ಲಿ ಕಾಲುಬಾಯಿ ರೋಗ ನಮ್ಮ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡದ್ದನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. 2019ರಲ್ಲಿ ಕಾಲುಬಾಯಿ ಮತ್ತು ಬ್ರುಸೆಲ್ಲಾ ಎರಡನ್ನೂ ಹತೋಟಿಗೆ ತರಲು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಲಸಿಕೆ ತರುವುದು, ಹಾಕುವುದು ಇಲಾಖೆ ಮತ್ತು ಒಕ್ಕೂಟದ ಕೆಲಸ. ಎಷ್ಟು ರಾಸುಗಳಿವೆ, ಯಾವ ಕರು ಯಾವ ವಯಸ್ಸಿನಲ್ಲಿದೆ ಎಂಬ ಸರಿಯಾದ ಪಟ್ಟಿ ಕೊಡುವುದು ಸಂಘದ ಕೆಲಸ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಒಂದು ಬಾಟಲಿಯಲ್ಲಿ ಹಲವು ರಾಸುಗಳಿಗಾಗುವಷ್ಟು ಔಷಧಿ ಇರುತ್ತದೆ, ಮುಚ್ಚಳ ತೆಗೆದ ಬಾಟಲಿಯನ್ನು ಮರುದಿನಕ್ಕೆ ಇಡುವಂತಿಲ್ಲ. ಪಟ್ಟಿ ಸರಿಯಿದ್ದರೆ ಒಂದು ಕರುವೂ ಬಿಟ್ಟುಹೋಗುವುದಿಲ್ಲ, ಒಂದು ಹನಿಯೂ ಚೆಲ್ಲುವುದಿಲ್ಲ.

ಎಚ್ಚರಿಕೆಯ ಮಾತುಗಳು

ಯಂತ್ರ ಬಂದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ತಪ್ಪುಗಳು ಎಲ್ಲಿ ನುಸುಳುತ್ತವೆ ಎಂಬುದನ್ನೂ ತಿಳಿದಿರಬೇಕು.

ಮೊದಲನೆಯದಾಗಿ, ಜೂನ್ 1ರಂದು ಗರ್ಭಧಾರಣೆಯಾದ ಹಸು 22ಕ್ಕೆ ಮತ್ತೆ ಬೆದೆಗೆ ಬಂದು ಎರಡನೆಯ ಸಲ ಮಾಡಿಸಿದರೆ, ಮೊದಲ ಸಲದ ದಿನಾಂಕಗಳೆಲ್ಲ ಕ್ಯಾಲೆಂಡರಿನಿಂದ ಅಳಿಯಬೇಕು. ಇಲ್ಲದಿದ್ದರೆ ಒಂದೇ ಹಸು ಎರಡು ಸಲ ಕರು ಹಾಕುವುದಾಗಿ ಕ್ಯಾಲೆಂಡರ್ ಹೇಳುತ್ತದೆ, ಮೂಟೆಗಳ ಇಂಡೆಂಟೂ ಅದೇ ಸುಳ್ಳು ಲೆಕ್ಕದ ಮೇಲೆ ಹೋಗುತ್ತದೆ. ಜೋಡಣೆ ಮಾಡುವಾಗಲೇ ಈ ಷರತ್ತನ್ನು ಸೇರಿಸಿ.

ಎರಡನೆಯದಾಗಿ, ಹಸುವನ್ನು ಗೌರಿ, ಲಕ್ಷ್ಮಿ ಎಂದು ಹೆಸರಿನಿಂದ ಬರೆಯಬೇಡಿ. ಒಂದು ಊರಿನಲ್ಲಿ ಹತ್ತು ಗೌರಿಯರಿರುತ್ತಾರೆ. ಕಿವಿಯೋಲೆಯ ಸಂಖ್ಯೆಯನ್ನೇ ಬರೆಯಿರಿ. ಇಲಾಖೆಯ ಭಾರತ್ ಪಶುಧನ್ ದಾಖಲೆಯಲ್ಲೂ ಅದೇ ಸಂಖ್ಯೆ ಇರುತ್ತದೆ. ನಾವು ಮಾಡುವ ಹಾಳೆ ಆ ದಾಖಲೆಗೆ ಬದಲಿಯಲ್ಲ, ನಮ್ಮ ಸಂಘದ ಮುಂದಾಲೋಚನೆಗಾಗಿ ಮಾತ್ರ.

ಮೂರನೆಯದಾಗಿ, ತಿಂಗಳಿಗೊಮ್ಮೆ ಗೋದಾಮಿಗೆ ಹೋಗಿ ಕಣ್ಣಾರೆ ಎಣಿಸಿ. ಹಾಳೆಯಲ್ಲಿ 40 ಮೂಟೆ ಇದ್ದು ಗೋದಾಮಿನಲ್ಲಿ 36 ಇದ್ದರೆ ಹಾಳೆಯನ್ನು ಸುಮ್ಮನೆ ತಿದ್ದಿ ಮುಂದೆ ಹೋಗಬೇಡಿ, ನಾಲ್ಕು ಮೂಟೆ ಏನಾಯಿತೆಂದು ಆಡಳಿತ ಮಂಡಳಿಯ ಮುಂದಿಡಿ. ಇಂಡೆಂಟ್ ಕೂಡ ತಾನಾಗಿ ಹೋಗುವಂತೆ ಮಾಡಬೇಡಿ. ಕರಡು ಮಾತ್ರ ತಯಾರಾಗಲಿ, ಕಾರ್ಯದರ್ಶಿ ನೋಡಿ ಕಳಿಸಲಿ. ಸಂಘದ ಹಣ ಸದಸ್ಯರ ಹಣ.

ನಾಲ್ಕನೆಯದಾಗಿ, ಖಾತೆ ಸಂಘದ ಹೆಸರಿನಲ್ಲಿರಲಿ. ಕಾರ್ಯದರ್ಶಿಯ ಸ್ವಂತ ಫೋನಿನ ಖಾತೆಯಲ್ಲಿದ್ದರೆ ಅವರು ಬದಲಾದ ದಿನ ಲೆಕ್ಕವೂ ಅವರೊಂದಿಗೆ ಹೋಗುತ್ತದೆ. ಸದಸ್ಯರ ಫೋನ್ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಈ ಹಾಳೆಯಲ್ಲಿ ತುಂಬುವ ಅಗತ್ಯವೇ ಇಲ್ಲ. ಈ ಸೇವೆಗಳಲ್ಲಿ ಹಲವು ಒಂದು ಮಿತಿಯವರೆಗೆ ಉಚಿತ, ಅದನ್ನು ದಾಟಿದರೆ ಹಣ ಕೊಡಬೇಕು. ಕೊಳ್ಳುವ ಮುನ್ನ ಒಕ್ಕೂಟದ ವಿಸ್ತರಣಾಧಿಕಾರಿಗಳನ್ನು ಕೇಳಿ.

ಐದನೆಯದಾಗಿ, ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಕಾಗದದ ವಹಿಯನ್ನು ಬಿಡಬೇಡಿ.

ಫೋನಿಲ್ಲದವರಿಗೆ ಹೇಗೆ?

ಊಟದ ಹೊತ್ತಿನಲ್ಲಿ ಒಬ್ಬರು ತಾಯಿ ನನ್ನನ್ನು ಕೇಳಿದರು, “ನಮ್ಮನೇಲಿ ಬಟನ್ ಫೋನು, ಅದೂ ಮಗನ ಕೈಲಿರುತ್ತದೆ, ನಮಗೆ ಹೇಗೆ ಗೊತ್ತಾಗಬೇಕು?” ಎಂದು. ಬಹಳ ಒಳ್ಳೆಯ ಪ್ರಶ್ನೆ. ಬೇರೆ ಯಾವ ಸಂಸ್ಥೆಗೂ ಇಲ್ಲದ ಒಂದು ಅನುಕೂಲ ನಮ್ಮ ಸಂಘಕ್ಕಿದೆ. ನಮ್ಮ ಸದಸ್ಯರು ದಿನಕ್ಕೆ ಎರಡು ಸಲ ತಾವಾಗಿಯೇ ಸಂಘದ ಬಾಗಿಲಿಗೆ ಬರುತ್ತಾರೆ. ಆ ವಾರದ ಪಟ್ಟಿಯನ್ನು ಕಾರ್ಯದರ್ಶಿ ಅಚ್ಚು ಮಾಡಿ ಹಾಲು ಅಳೆಯುವ ಕಡೆ ಅಂಟಿಸಲಿ. ಹಾಲು ಹಾಕಲು ಬಂದಾಗ, “ಅಮ್ಮಾ, ನಿಮ್ಮ ಹಸುವಿಗೆ ಸೋಮವಾರ ಇಪ್ಪತ್ತೊಂದು ದಿನವಾಗುತ್ತದೆ, ಬೆಳಿಗ್ಗೆ ಸಂಜೆ ನೋಡ್ಕಳಿ” ಎಂದು ಬಾಯಿಮಾತಿನಲ್ಲಿ ಹೇಳಲಿ. ಅವರು ಹೇಳುವ ಉತ್ತರವನ್ನು ಅಲ್ಲೇ ನಮೂನೆಯಲ್ಲಿ ತುಂಬಲಿ. ಕೊಟ್ಟಿಗೆಯಲ್ಲಿ ಹಸುವಿನ ಲಕ್ಷಣವನ್ನು ಮೊದಲು ಕಾಣುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಅವರು ಹೇಳದಿದ್ದರೆ ಈ ಮೂರೂ ಹಾಳೆಗಳು ಖಾಲಿ.

ಎಲ್ಲಿಂದ ಆರಂಭಿಸಬೇಕು?

ಊರಿಗೆ ಹೋದ ಕೂಡಲೇ ಎಲ್ಲವನ್ನೂ ಜೋಡಿಸಲು ಹೋಗಬೇಡಿ. ಮೊದಲ ತಿಂಗಳು ಒಂದು ಕೆಲಸ, ಒಂದು ಸಾಮಾನು ಸಾಕು: ಗರ್ಭಧಾರಣೆಯ ದಿನಾಂಕ ಮತ್ತು ನೈಟ್ರೋಜನ್ ಅಳತೆ. ಅದನ್ನೂ ಮೊದಲು ಕಾಗದದ ಮೇಲೆ ಮಾಡಿ. ಕಾಗದದ ಮೇಲೆ ನಡೆಯದ ಲೆಕ್ಕ ಫೋನಿನಲ್ಲೂ ನಡೆಯುವುದಿಲ್ಲ. ಎರಡನೆಯ ತಿಂಗಳು ಫೋನಿಗೆ ಏರಿಸಿ. ಮೂರನೆಯ ತಿಂಗಳು ಕರುಗಳ ಲಸಿಕೆ, ಆಮೇಲೆ ಪಶು ಆಹಾರ. ಊರಿನಲ್ಲಿ ಕಾಲೇಜು ಓದುತ್ತಿರುವ ಮಕ್ಕಳಿದ್ದರೆ ಎರಡು ಭಾನುವಾರ ಕೂರಿಸಿಕೊಳ್ಳಿ, ಜೋಡಣೆ ಮಾಡಿಕೊಡುತ್ತಾರೆ. ಆದರೆ ಅದನ್ನು ತಿದ್ದುವುದನ್ನು ಕಾರ್ಯದರ್ಶಿಯೂ ಕಲಿಯಲೇಬೇಕು.

ಬಂಧುಗಳೇ, ನಮ್ಮ ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ಎಷ್ಟೋ ಮನೆಗಳಲ್ಲಿದೆ. ಹಬ್ಬ ಯಾವತ್ತೆಂದು ಅದರಲ್ಲಿ ನೋಡುವವರು ಅಕ್ಕಿ, ಬೆಲ್ಲ, ಎಣ್ಣೆಯನ್ನು ಹಬ್ಬದ ಬೆಳಿಗ್ಗೆ ಹುಡುಕುವುದಿಲ್ಲ, ವಾರ ಮೊದಲೇ ತಂದಿಡುತ್ತಾರೆ. ಮನೆಯಾಕೆ ತಲೆಯಲ್ಲೇ ದಿನಾಂಕಕ್ಕೂ ದಾಸ್ತಾನಿಗೂ ನಂಟು ಬೆಸೆದಿರುತ್ತಾಳೆ. ಹಬ್ಬಕ್ಕೆ ತೋರಿಸುವ ಆ ಮುಂದಾಲೋಚನೆಯನ್ನು ಹಸುವಿಗೂ ತೋರಿಸೋಣ ಎಂಬುದಷ್ಟೇ ನನ್ನ ವಿನಂತಿ.

ಆ ತಾಯಿಯ ಹಸು ಮುಂದಿನ 21 ದಿನಕ್ಕೆ ಮತ್ತೆ ಬೆದೆಗೆ ಬಂತು. ಅಂದು ನನ್ನ ಪಾತ್ರೆ ತುಂಬಿತ್ತು. ಅಲ್ಲಿಂದ ಮುಂದೆ ನಾನು ಆ ಊರಿನಲ್ಲಿ ಇದ್ದಷ್ಟು ದಿನವೂ ಪ್ರತಿ ಸೋಮವಾರ ಅಳತೆ ಕಡ್ಡಿ ಇಳಿಬಿಟ್ಟು ನೋಡದೆ ಕಾಫಿ ಕುಡಿಯಲಿಲ್ಲ. ಹಸು ತನ್ನ ದಿನಕ್ಕೆ ಬಂದಾಗ ನಮ್ಮ ಸಂಘವೂ ತನ್ನ ದಿನಕ್ಕೆ ಬರುವಂತಾಗಲಿ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.